ಮಾವ, ಭಾವ, ಬೀಗ: ಮದುವೆ ತಂದ ನಂಟರನ್ನು ಕರೆಯುವ ಬಗೆ

ಮದುವೆಯಿಂದ ಬಂದ ನಂಟರಿಗೆಂದೇ ಮೀಸಲಾದ ಹೆಸರುಗಳು ಕನ್ನಡದಲ್ಲಿ ಬಹಳ ಕಡಿಮೆ. ಬೀಗ, ಷಡ್ಡಕ, ವಾರಗಿತ್ತಿ ಎಂಬಂಥ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಮದುವೆಗೆ ಮೊದಲೇ ಮನೆಯಲ್ಲಿ ಓಡಾಡಿಕೊಂಡಿದ್ದ ಮಾತುಗಳು. ಹೆಂಡತಿಯ ತಂದೆ ಮಾವ. ತಾಯಿಯ ಅಣ್ಣತಮ್ಮಂದಿರೂ ಮಾವಂದಿರು, ತಂದೆಯ ಅಕ್ಕತಂಗಿಯರನ್ನು ಕೈಹಿಡಿದವರೂ ಮಾವಂದಿರು. ಗಂಡನ ತಾಯಿ ಅತ್ತೆ. ತಂದೆಯ ಒಡಹುಟ್ಟಿದವಳೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ. ಮಗಳ ಗಂಡ ಅಳಿಯನಾದರೆ, ಗಂಡಸಿಗೆ ಅಕ್ಕತಂಗಿಯರ ಮಗನೂ ಹೆಂಗಸಿಗೆ ಅಣ್ಣತಮ್ಮಂದಿರ ಮಗನೂ ಅಳಿಯಂದಿರೇ. ಸೊಸೆ ಎಂಬ ಮಾತು ನಡೆಯುವುದೂ ಇದೇ ದಾರಿಯಲ್ಲಿ. ಮೈಸೂರಿನಲ್ಲಿ ಹೊಸದಾಗಿ ಮದುವೆಯಾದ ಹುಡುಗನಿಗೆ ಹೆಂಡತಿಯ ಮನೆಯಲ್ಲಿ ಎದುರಾಗುವ ಹತ್ತಾರು ಮುಖಗಳು ಹೊಸವಿರಬಹುದು. ಅವರನ್ನು ಕೂಗುವ ಹೆಸರುಗಳು ಮಾತ್ರ ಅವನು ಚಿಕ್ಕಂದಿನಲ್ಲೇ ಕಲಿತವು.

ಇದಕ್ಕೆ ಕಾರಣ ಕನ್ನಡಿಗರ, ಒಟ್ಟಾರೆ ದಕ್ಷಿಣದವರ, ಹಳೆಯ ಮದುವೆಯ ಪದ್ಧತಿ. ಸೋದರಮಾವನ ಮಗಳು, ಸೋದರತ್ತೆಯ ಮಗಳು, ಹಲವು ಜಾತಿಗಳಲ್ಲಿ ಅಕ್ಕನ ಮಗಳು, ಇವರು ತರಬಹುದಾದ ಹೆಣ್ಣುಗಳು. ಎಷ್ಟೋ ಮನೆಗಳಲ್ಲಿ ತರಲೇಬೇಕಾದ ಹೆಣ್ಣುಗಳು. ಸೋದರಮಾವ ಮಗಳನ್ನು ಕೊಟ್ಟರೆ ಅವನು ಮಾವನಾಗಿಯೇ ಉಳಿಯುತ್ತಾನೆ. ಅವನಿಗೆ ಬೇರೆ ಹೆಸರು ಬೇಕಾಗುವುದಿಲ್ಲ. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಹಾಗಲ್ಲ. ಅವರು ಅಣ್ಣ, ತಮ್ಮ, ಅಕ್ಕ, ತಂಗಿ. ಅವರ ನಡುವೆ ಮದುವೆಯ ಮಾತೇ ಏಳುವಂತಿಲ್ಲ. ಹೀಗೆ ಕನ್ನಡದ ಮನೆ ತನ್ನ ಬಳಗವನ್ನೆಲ್ಲ ಎರಡು ಪಾಲು ಮಾಡಿಕೊಂಡಿದೆ. ಒಂದು ಪಾಲು ಒಡಹುಟ್ಟಿನದು, ಇನ್ನೊಂದು ಹೆಣ್ಣು ಕೊಟ್ಟು ತರುವುದು. ಮದುವೆಯಾಗಿ ಬಂದವರು ಯಾವ ಊರಿನವರೇ ಆಗಿರಲಿ, ಈ ಎರಡರಲ್ಲಿ ಒಂದು ಪಾಲಿಗೆ ಸೇರಿ ಅಲ್ಲಿ ಸಿದ್ಧವಿರುವ ಹೆಸರನ್ನು ಪಡೆಯುತ್ತಾರೆ.

ಇದೇ ಮೈಸೂರಿನ ಉರ್ದು ಮಾತಾಡುವ ಮನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ತಾಯಿಯ ತಮ್ಮ ಮಾಮೂ, ತಂದೆಯ ತಂಗಿಯ ಗಂಡ ಫೂಫಾ, ಹೆಂಡತಿಯ ತಂದೆ ಸಸುರ್. ಕನ್ನಡದ ಒಬ್ಬ ಮಾವನಿಗೆ ಅಲ್ಲಿ ಮೂರು ಹೆಸರು. ಆ ಮನೆಗಳಲ್ಲಿ ಚಿಕ್ಕಪ್ಪನ ಮಗಳನ್ನೂ ಮದುವೆಯಾಗಬಹುದು. ಆದ್ದರಿಂದ ಬಳಗವನ್ನು ಎರಡು ಪಾಲಾಗಿ ಒಡೆಯುವ ಅಗತ್ಯವೂ ಅಲ್ಲಿಲ್ಲ.

ಈ ವ್ಯವಸ್ಥೆ ವಿದ್ವಾಂಸರ ಗಮನ ಸೆಳೆದದ್ದು 19ನೇ ಶತಮಾನದಲ್ಲಿ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ನಾನಾ ಭಾಷೆಗಳ ಬಂಧುವಾಚಕಗಳನ್ನು ಕಲೆಹಾಕಿ 1871ರಲ್ಲಿ ಹೊರತಂದ ಭಾರಿ ಗ್ರಂಥದಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಪಟ್ಟಿಯೂ ಇದೆ. 1953ರಲ್ಲಿ ಫ್ರಾನ್ಸಿನ ಲೂಯಿ ದ್ಯುಮೊ ದ್ರಾವಿಡ ಬಂಧುವಾಚಕಗಳು ಮದುವೆಯ ನಿಯಮವನ್ನೇ ಹೇಳುತ್ತವೆ ಎಂದು ವಾದಿಸಿದರು. ಅದೇ ವರ್ಷ ಪುಣೆಯ ಇರಾವತಿ ಕರ್ವೆಯವರ ಪುಸ್ತಕ ಉತ್ತರ ಭಾರತದ ಮತ್ತು ದಕ್ಷಿಣದ ಬಂಧುತ್ವಗಳನ್ನು ಎದುರುಬದುರಾಗಿ ಇಟ್ಟು ತೋರಿಸಿತು. ಉತ್ತರದಲ್ಲಿ ಹೆಣ್ಣು ಅಪರಿಚಿತರ ಮನೆಗೆ ಹೋಗುತ್ತಾಳೆ. ದಕ್ಷಿಣದಲ್ಲಿ ಅನೇಕ ವೇಳೆ ಅಜ್ಜಿಯ ಮನೆಗೋ ಅತ್ತೆಯ ಮನೆಗೋ ಹೋಗುತ್ತಾಳೆ. ಇವರಿಬ್ಬರಿಗೂ ಮೊದಲೇ ಮೈಸೂರು ಸೀಮೆಯ ಮದುವೆಗಳನ್ನು ಕುರಿತು ಪುಸ್ತಕ ಬರೆದವರು ಮೈಸೂರಿನಲ್ಲೇ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್. ಮಹಾರಾಜ ಕಾಲೇಜಿನಲ್ಲಿ ಓದಿ ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆಯವರ ಕೈಕೆಳಗೆ ಎಂ.ಎ. ಪದವಿಗೆಂದು ಅವರು ಬರೆದ ಪ್ರಬಂಧ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ ಎಂಬ ಹೆಸರಿನಲ್ಲಿ 1942ರಲ್ಲಿ ಅಚ್ಚಾಯಿತು. ಪಂಡಿತರ ಚರ್ಚೆಗೆ ಇಷ್ಟು ಸಾಕು. ದೂರದವರಿಗೆ ಒಗಟಾಗಿ ಕಂಡದ್ದು ಇಲ್ಲಿಯ ಅಜ್ಜಿಯರಿಗೆ ಬಾಯಿಪಾಠದ ಲೆಕ್ಕ.

ಆ ಲೆಕ್ಕಕ್ಕೆ ಮೈಸೂರಿನ ಅರಮನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹತ್ತನೆಯ ಚಾಮರಾಜೇಂದ್ರ ಒಡೆಯರ ರಾಣಿ, 1895ರಿಂದ 1902ರವರೆಗೆ ಮಗನ ಪರವಾಗಿ ರಾಜ್ಯಭಾರ ನಡೆಸಿದ ವಾಣಿವಿಲಾಸ ಸನ್ನಿಧಾನ. ಆಕೆಯ ಸಹೋದರ ಎಂ. ಕಾಂತರಾಜ ಅರಸು, ಮುಂದೆ 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದವರು. ಕಾಂತರಾಜ ಅರಸರು ಮದುವೆಯಾದದ್ದು ಇದೇ ರಾಣಿಯ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರನ್ನು. ಸೋದರಮಾವನಿಗೆ ಸೋದರಸೊಸೆಯನ್ನು ಕೊಟ್ಟ ಮದುವೆ ಅದು. ಆ ದಿನದಿಂದ ವಾಣಿವಿಲಾಸ ಸನ್ನಿಧಾನಕ್ಕೆ ಒಡಹುಟ್ಟಿದವರೇ ಅಳಿಯ. ಕಾಂತರಾಜ ಅರಸರಿಗೆ ಒಡಹುಟ್ಟಿದವರೇ ಅತ್ತೆ. ರಾಣಿಯ ಆ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅವರು ತಾಯಿಯ ಕಡೆಯಿಂದ ಮಾವ, ಅಕ್ಕನ ಕಡೆಯಿಂದ ಭಾವ. ಜಯಲಕ್ಷ್ಮಮ್ಮಣ್ಣಿಯವರನ್ನು ಒಡಹುಟ್ಟಿದವರೆಂದು ನೋಡಿದರೆ ಅಕ್ಕ, ಮಾವನ ಹೆಂಡತಿ ಎಂದು ನೋಡಿದರೆ ಅತ್ತೆ. ರಾಜಕುಮಾರಿಗೆಂದು ಕಟ್ಟಿಸಿದ ಜಯಲಕ್ಷ್ಮೀ ವಿಲಾಸ ಇಂದು ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿರುವ ಕಟ್ಟಡ. ಅದನ್ನು ನೋಡಲು ಬರುವವರಲ್ಲಿ ಎಷ್ಟು ಜನ ಈ ನಂಟಿನ ಗಂಟನ್ನು ಬಿಚ್ಚಿ ನೋಡುತ್ತಾರೋ!

ಹೀಗೆ ಎರಡು ದಾರಿಯಿಂದ ನಂಟಾದಾಗ ಯಾವ ಹೆಸರಿನಿಂದ ಕರೆಯಬೇಕು? ಮನೆಗಳಲ್ಲಿ ನಡೆದುಬಂದಿರುವ ರೂಢಿ ಸರಳ: ಮೊದಲು ಬಂದ ಹೆಸರೇ ನಿಲ್ಲುತ್ತದೆ. ಅಕ್ಕನ ಮಗಳನ್ನು ತಂದುಕೊಂಡ ಗಂಡಸು ಅಕ್ಕನನ್ನು ‘ಅಕ್ಕ’ ಎಂದೇ ಕರೆಯುತ್ತಾನೆ. ಊರವರ ಮುಂದೆ ಹೇಳುವಾಗ ಬೇಕಾದರೆ ‘ನಮ್ಮತ್ತೆಯೂ ಹೌದು’ ಎಂದು ಸೇರಿಸುತ್ತಾನೆ. ಸೋದರತ್ತೆಯ ಮನೆಗೆ ಸೊಸೆಯಾಗಿ ಹೋದ ಹುಡುಗಿಗೆ ಆ ಗೊಂದಲವೂ ಇಲ್ಲ. ಅಕ್ಕನ ಮಗಳನ್ನು ತಂದುಕೊಂಡವನ ಮಕ್ಕಳ ಪಾಲಿಗೆ ಮಾತ್ರ ತಂದೆಯ ಅಕ್ಕ ಅತ್ತೆಯಾಗುವ ಬದಲು ಅಜ್ಜಿಯಾಗಿಬಿಡುತ್ತಾಳೆ, ತಾಯಿಯ ತಾಯಿಯಲ್ಲವೇ.

ಈ ಪದ್ಧತಿ ಬಹಳ ಹಳೆಯದು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದು ದಕ್ಷಿಣದವರ ವಿಶೇಷ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಗುರುತಿಸಿದೆ. ಅರ್ಜುನನಿಗೆ ಸುಭದ್ರೆ ಸೋದರಮಾವ ವಸುದೇವನ ಮಗಳು. ಸಂಸ್ಕೃತದಲ್ಲಿ ತಾಯಿಯ ಅಣ್ಣನಿಗೆ ಮಾತುಲ, ಹೆಣ್ಣು ಕೊಟ್ಟವನಿಗೆ ಶ್ವಶುರ ಎಂಬ ಬೇರೆ ಬೇರೆ ಮಾತುಗಳಿವೆ. ಕನ್ನಡದಲ್ಲಿ ಕಥೆ ಕೇಳುವವನಿಗೆ ವಸುದೇವ ಮದುವೆಗೆ ಮುಂಚೆಯೂ ಮಾವ, ಆಮೇಲೂ ಮಾವ. ಕೃಷ್ಣಾರ್ಜುನರು ಸುಭದ್ರೆಯ ಪ್ರಸಂಗ ಬರುವ ಮೊದಲೇ ಭಾವ ಮೈದುನರು.

ಅಳಿಯ ಎಂಬ ಮಾತಿನ ಎರಡು ಮುಖಗಳು ಕರ್ನಾಟಕದ ಚರಿತ್ರೆಯಲ್ಲೇ ಬೇರೆ ಬೇರೆಯಾಗಿ ಕಾಣಸಿಗುತ್ತವೆ. 1565ರ ತಾಳೀಕೋಟೆ ಯುದ್ಧದಲ್ಲಿ ಮಡಿದ ವಿಜಯನಗರದ ರಾಮರಾಯ ಜನರ ಬಾಯಲ್ಲಿ ಇಂದಿಗೂ ಅಳಿಯ ರಾಮರಾಯ. ಕೃಷ್ಣದೇವರಾಯನ ಮಗಳ ಗಂಡನಾದ್ದರಿಂದ ಆ ಹೆಸರು. ಕರಾವಳಿಯ ಅಳಿಯಸಂತಾನ ಕಟ್ಟಿನಲ್ಲಿ ಅಳಿಯನೆಂದರೆ ಸೋದರಳಿಯ. ಆಸ್ತಿ ತಂದೆಯಿಂದ ಮಗನಿಗೆ ಹೋಗದೆ ತಾಯಿಯ ಮನೆತನದಲ್ಲೇ ಇಳಿದುಬರುವ ಆ ಪದ್ಧತಿಯನ್ನು 1949ರ ಮದರಾಸು ಅಳಿಯಸಂತಾನ ಕಾಯಿದೆ ಅದೇ ಹೆಸರಿನಲ್ಲಿ ದಾಖಲಿಸಿತು. ‘ಅಳಿಯ ಅಲ್ಲ, ಮಗಳ ಗಂಡ’ ಎಂದು ಗಾದೆ ನಗುತ್ತದೆ. ಒಂದೇ ಸಂಗತಿಯನ್ನು ಎರಡು ಮಾಡಿ ಹೇಳುವವರಿಗೆ ಅದು ಉತ್ತರ. ಆದರೆ ಗಾದೆಯನ್ನು ಅಕ್ಷರಶಃ ತೆಗೆದುಕೊಂಡರೆ ಅದು ಅಷ್ಟೇನೂ ತಮಾಷೆಯಲ್ಲ. ಮಗಳ ಗಂಡನಲ್ಲದ ಅಳಿಯಂದಿರು ಪ್ರತಿ ಮನೆಯಲ್ಲೂ ಇದ್ದಾರೆ.

ಸಮವಯಸ್ಕರ ಸಾಲಿಗೆ ಬಂದಾಗ ಲೆಕ್ಕ ಸೂಕ್ಷ್ಮವಾಗುತ್ತದೆ. ಇಲ್ಲಿ ಭಾವ, ಮೈದುನ, ಅತ್ತಿಗೆ, ನಾದಿನಿ ಎಂಬ ನಾಲ್ಕು ಹೆಸರುಗಳು. ಹಿರಿಯ ಗಂಡಸು ಭಾವ, ಕಿರಿಯ ಗಂಡಸು ಮೈದುನ; ಹಿರಿಯ ಹೆಂಗಸು ಅತ್ತಿಗೆ, ಕಿರಿಯ ಹೆಂಗಸು ನಾದಿನಿ. ಅಕ್ಕನ ಗಂಡ ಭಾವ, ಗಂಡನ ಅಣ್ಣನೂ ಭಾವ, ಹೆಂಡತಿಯ ಅಣ್ಣನೂ ಭಾವ, ವಯಸ್ಸಿನಲ್ಲಿ ಹಿರಿಯನಾದ ಸೋದರಮಾವನ ಮಗನೂ ಭಾವ. ಅಣ್ಣನ ಹೆಂಡತಿ, ಗಂಡನ ಅಕ್ಕ, ಹೆಂಡತಿಯ ಅಕ್ಕ, ಮೂವರೂ ಅತ್ತಿಗೆಯರು. ಗಂಡನ ತಮ್ಮ ಮೈದುನ, ಗಂಡನ ತಂಗಿಯೂ ಹೆಂಡತಿಯ ತಂಗಿಯೂ ನಾದಿನಿಯರು. ಹೆಂಡತಿಯ ಅಣ್ಣತಮ್ಮಂದಿರನ್ನು ಒಟ್ಟಾಗಿ ಹೇಳಲು ಭಾವಮೈದುನ ಎಂಬ ಜೋಡುಮಾತು ಇದೆ. ಮೈಸೂರು, ಮಂಡ್ಯದ ಕಡೆ ಅದು ಸವೆದು ‘ಬಾಮೈದ’ ಆಗಿದೆ. ಇಲ್ಲಿ ಹಿರಿತನ ಕಿರಿತನವನ್ನು ಅಳೆಯುವುದು ಸಾಮಾನ್ಯವಾಗಿ ಯಾರ ಮೂಲಕ ನಂಟು ಬಂತೋ ಅವರಿಂದ, ಕರೆಯುವವರ ವಯಸ್ಸಿನಿಂದಲ್ಲ. ಆದ್ದರಿಂದಲೇ ತನಗಿಂತ ನಾಲ್ಕು ವರ್ಷ ಚಿಕ್ಕವಳಾದ ಅಣ್ಣನ ಹೆಂಡತಿಯನ್ನು ಮೈದುನ ‘ಅತ್ತಿಗೆ’ ಎಂದು ಕರೆದು ಬಹುವಚನದಲ್ಲಿ ಮಾತಾಡಿಸುತ್ತಾನೆ. ತಮ್ಮನ ಹೆಂಡತಿ, ತಂಗಿಯ ಗಂಡ ಇವರಿಗೆ ನಾದಿನಿ, ಮೈದುನ ಎಂಬ ಹೆಸರುಗಳು ಸಲ್ಲುತ್ತವಾದರೂ ಊರಿನ ಮಾತಿನಲ್ಲಿ ‘ತಮ್ಮನ ಹೆಂಡ್ತಿ’, ‘ತಂಗಿ ಗಂಡ’ ಎಂದೇ ಬಿಡಿಸಿ ಹೇಳುವವರು ಹೆಚ್ಚು.

ಈ ನಾಲ್ಕು ಹೆಸರುಗಳ ಸುತ್ತ ಸಲಿಗೆಯ ಒಂದು ಲೋಕವೇ ಇದೆ. ಭಾವ ನಾದಿನಿಯರ ನಡುವೆ, ಅತ್ತಿಗೆ ಮೈದುನರ ನಡುವೆ, ಭಾವ ಬಾಮೈದರ ನಡುವೆ ಚೇಷ್ಟೆ ಸಲ್ಲುತ್ತದೆ. ಕಾಲೆಳೆದರೆ ಯಾರೂ ಮುನಿಸಿಕೊಳ್ಳುವಂತಿಲ್ಲ. ಇಂಥ ನಂಟುಗಳನ್ನು ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ ಪರಿಹಾಸದ ಸಂಬಂಧಗಳೆಂದು ಕರೆದರು. ಸೊಸೆ ಮಾವನ ನಡುವೆ ಇದಕ್ಕೆ ತದ್ವಿರುದ್ಧ. ಹಳೆಯ ಮನೆಗಳಲ್ಲಿ ಸೊಸೆ ಮಾವನ ಎದುರು ಕೂರುತ್ತಿರಲಿಲ್ಲ, ನೇರ ಮಾತೂ ಇರುತ್ತಿರಲಿಲ್ಲ. ಹೇಳಬೇಕಾದದ್ದನ್ನು ಮಗುವಿಗೆ ಹೇಳಿದಂತೆ ಮಾಡಿ ಮಾವನ ಕಿವಿಗೆ ಬೀಳಿಸುವುದು ಒಂದು ಕಲೆಯಾಗಿತ್ತು. ಸಲಿಗೆಯ ಮಾತು ಬೀದಿಗೂ ಇಳಿದಿದೆ. ಮೈಸೂರು ಬೆಂಗಳೂರಿನ ಹುಡುಗರು ಗೆಳೆಯನನ್ನು ‘ಮಚ್ಚಾ’ ಎಂದು ಕೂಗುವುದು ತಮಿಳಿನ ಮಚ್ಚಾನ್‌ನಿಂದ. ಅದಕ್ಕೆ ಅಲ್ಲಿ ಭಾವಮೈದುನ ಎಂದೇ ಅರ್ಥ.

ಒಂದೇ ಮನೆಗೆ ಬಂದ ಇಬ್ಬರು ಸೊಸೆಯರು ಪರಸ್ಪರ ವಾರಗಿತ್ತಿಯರು, ಬರಹದಲ್ಲಿ ಓರಗಿತ್ತಿ. ಉತ್ತರ ಕರ್ನಾಟಕದಲ್ಲಿ ಇವರೇ ನೆಗೆಣ್ಣಿಯರು. ಒಂದೇ ಮನೆಯ ಹೆಣ್ಣುಗಳನ್ನು ತಂದ ಇಬ್ಬರು ಗಂಡಸರು ಷಡ್ಡಕರು. ಇವು ಮದುವೆಯಿಂದಲೇ ಹುಟ್ಟುವ ಹೆಸರುಗಳಾದರೂ ಕರೆಯುವುದಕ್ಕೆ ಬರುವುದಿಲ್ಲ. ಯಾರೂ ‘ವಾರಗಿತ್ತಿ, ಇಲ್ಲಿ ಬಾ’ ಎನ್ನುವುದಿಲ್ಲ. ಅಣ್ಣತಮ್ಮಂದಿರ ಹೆಂಡತಿಯರು ಅಕ್ಕತಂಗಿಯರಾಗುತ್ತಾರೆ, ಅಕ್ಕತಂಗಿಯರ ಗಂಡಂದಿರು ಅಣ್ಣತಮ್ಮಂದಿರಾಗುತ್ತಾರೆ. ಹಿರಿಯ ಸೊಸೆಗೆ ಕಿರಿಯವಳು ‘ಅಕ್ಕ’ ಎನ್ನುತ್ತಾಳೆ. ಮಕ್ಕಳಿಗೆ ಆಕೆ ದೊಡ್ಡಮ್ಮ. ಷಡ್ಡಕನೂ ಮಕ್ಕಳಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ ಆಗುವುದರಿಂದ ಅವನ ಮಕ್ಕಳಿಗೂ ಇವನ ಮಕ್ಕಳಿಗೂ ಮದುವೆ ಕೂಡದು. ಹೆಂಡತಿಯ ಅಣ್ಣನ ಮಕ್ಕಳಿಗಾದರೆ ಕೂಡುತ್ತದೆ. ಎರಡು ಪಾಲಿನ ಲೆಕ್ಕ ಇಲ್ಲಿಯೂ ತಪ್ಪಿಲ್ಲ.

ಗಂಡಿನ ತಂದೆತಾಯಿಗೂ ಹೆಣ್ಣಿನ ತಂದೆತಾಯಿಗೂ ನಡುವಣ ನಂಟು ಬೀಗತನ. ಗಂಡಸು ಬೀಗ, ಹೆಂಗಸು ಬೀಗಿತ್ತಿ, ಗೌರವಕ್ಕೆ ಇಬ್ಬರೂ ಬೀಗರು. ಇದು ನೇರವಾಗಿ ಕರೆಯಲೂ ಬರುವ ಹೆಸರು. ‘ಏನ್ ಬೀಗರೇ, ಅಪರೂಪ ಆಗ್ಬಿಟ್ರಿ’ ಎಂಬುದು ಮೈಸೂರಿನ ಯಾವ ಛತ್ರದಲ್ಲೂ ಕೇಳಿಬರುವ ಮಾತು. ಮಕ್ಕಳ ತಂದೆತಾಯಿಗಳಷ್ಟೇ ಅಲ್ಲ, ಅವರ ಕಡೆಯ ಇಡೀ ಬಳಗವೇ ಬೀಗರೆನಿಸಿಕೊಳ್ಳುತ್ತದೆ. ಮೈಸೂರು, ಮಂಡ್ಯ, ಹಾಸನದ ಕಡೆಯ ಒಕ್ಕಲಿಗರೇ ಮೊದಲಾದವರಲ್ಲಿ ಮದುವೆಯಾದ ಮೇಲೆ ಬಾಡೂಟದ ಔತಣವೊಂದು ನಡೆಯುತ್ತದೆ. ಅದರ ಹೆಸರೇ ಬೀಗರೂಟ. ಹೆಂಗಸರು ಬೀಗರನ್ನು ಹಾಡಿನಲ್ಲಿ ಹಂಗಿಸುವ ಪದ್ಧತಿಯೂ ಹಳೆಯದು. ಹಾಡಿನಲ್ಲಿ ಬೈಸಿಕೊಂಡ ಬೀಗಿತ್ತಿ ನಗಬೇಕು, ಆಮೇಲೆ ತನ್ನ ಸರದಿ ಬಂದಾಗ ಬಡ್ಡಿ ಸಮೇತ ತೀರಿಸಬೇಕು.

ಮದುವೆಯ ಶಾಸ್ತ್ರಗಳಲ್ಲೂ ಈ ಹೆಸರುಗಳಿಗೆ ತಕ್ಕ ಕೆಲಸಗಳಿವೆ. ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಲಾಜಾಹೋಮದಲ್ಲಿ ಮದುಮಗಳ ಕೈಗೆ ಅರಳು ಹಾಕುವವನು ಅವಳ ಸೋದರ, ಎಂದರೆ ಗಂಡಿನ ಬಾಮೈದ. ಮದುಮಕ್ಕಳು ಮನೆತುಂಬುವಾಗ ಗಂಡಿನ ಅಕ್ಕನೋ ತಂಗಿಯೋ ಬಾಗಿಲು ತಡೆಯುತ್ತಾಳೆ. ಹುಟ್ಟುವ ಮಗಳನ್ನು ತನ್ನ ಮಗನಿಗೆ ಕೊಡುವುದಾಗಿ ಮಾತು ಕೊಡುವವರೆಗೆ ಅವಳು ದಾರಿ ಬಿಡುವುದಿಲ್ಲ. ಇಂದು ಅದು ನಗೆಯಾಟ, ಕಾಣಿಕೆ ಕೊಟ್ಟರೆ ಮುಗಿಯುತ್ತದೆ. ಆದರೆ ಅಣ್ಣನ ಮಗಳು ಹುಟ್ಟುವ ಮೊದಲೇ ಅತ್ತೆಯ ಕಣ್ಣಿಗೆ ಸೊಸೆಯಾಗಿದ್ದಳು ಎಂಬುದಕ್ಕೆ ಆ ಬಾಗಿಲಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೆಸರು ಗೊತ್ತಿದ್ದರಷ್ಟೇ ಸಾಲದು, ಕರೆಯುವ ರೀತಿಯೂ ತಿಳಿದಿರಬೇಕು. ಹಿರಿಯ ನಂಟರನ್ನು ಅವರ ಸ್ವಂತ ಹೆಸರಿನಿಂದ ಕರೆಯುವಂತಿಲ್ಲ. ಎದುರಿಗೆ ‘ಮಾವ’, ‘ಅತ್ತೆ’. ಹಳ್ಳಿಯ ಕಡೆ ‘ಮಾವಯ್ಯ’, ‘ಅತ್ತೆಮ್ಮ’. ಇತರರ ಮುಂದೆ ‘ನಮ್ಮ ಮಾವನವರು’, ‘ಅತ್ತೆಯವರು’. ಅಳಿಯ ಒಬ್ಬನೇ ಬಂದರೂ ‘ಅಳಿಯಂದ್ರು ಬಂದಿದಾರೆ’ ಎಂಬ ಬಹುವಚನ. ಅದೇ ಮನೆಯ ಸೊಸೆ ಮಾತ್ರ ಏಕವಚನದ ‘ನಮ್ಮ ಸೊಸೆ’. ಎದುರಿಗೆ ಹೆಸರು, ಅಕ್ಕರೆ ಹೆಚ್ಚಾದರೆ ‘ಬಾಮ್ಮ’. ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕೆಂಬ ಹಳೆಯ ಏರುಪೇರು ವ್ಯಾಕರಣದೊಳಗೂ ನುಗ್ಗಿ ಕುಳಿತಿದೆ. ಇದನ್ನು ಸಂಸ್ಕೃತಿ ಎಂದು ಹೊಗಳುವವರು ಸೊಸೆಗೂ ಒಂದು ಬಹುವಚನ ಕೊಡಬಹುದಿತ್ತು.

ಗಂಡಹೆಂಡಿರು ಪರಸ್ಪರ ಕರೆಯುವ ರೀತಿ ಮತ್ತೂ ಬೇರೆ. ಹಿಂದಿನ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ನಾಲಿಗೆಯ ಮೇಲೆ ತರುತ್ತಿರಲಿಲ್ಲ. ‘ಏನೂಂದ್ರೆ’, ‘ರೀ’ ಎಂದು ಕೂಗುವುದು, ‘ಇವರು’, ‘ನಮ್ಮೋರು’, ‘ನಮ್ಮನೆಯವರು’, ‘ಯಜಮಾನರು’ ಎಂದು ಹೇಳುವುದು. ಗಂಡಸರಿಗೆ ‘ಏನೇ’, ‘ಇವಳೇ’, ಹೊರಗೆ ‘ನಮ್ಮನೇಲಿ ಕೇಳಿ ಹೇಳ್ತೀನಿ’. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ಶಾಸ್ತ್ರವೇ ಅವಕಾಶ ಮಾಡಿಕೊಟ್ಟ ಗಳಿಗೆಯೂ ಒಂದಿತ್ತು: ಮದುವೆ, ಸೀಮಂತಗಳಲ್ಲಿ ಪ್ರಾಸ ಕಟ್ಟಿ ಅದರಲ್ಲಿ ಹೆಸರನ್ನು ಹುದುಗಿಸಿ ಹೇಳುವುದು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಡಪು ಎನ್ನುತ್ತಾರೆ.

ಒಂದೇ ಹೆಸರಿಗೆ ಹತ್ತು ಜನ ಸಿಗುವುದರಿಂದ ಗುರುತು ಹಚ್ಚಲು ಮನೆಗಳು ಊರಿನ, ಬಡಾವಣೆಯ ಹೆಸರನ್ನು ಮುಂದಿಡುತ್ತವೆ: ನಂಜನಗೂಡಿನ ಮಾವ, ಒಂಟಿಕೊಪ್ಪಲಿನ ಅತ್ತೆ, ಸರಸ್ವತಿಪುರಂ ಭಾವ. ಮನೆ ಬದಲಾಯಿಸಿ ಕುವೆಂಪುನಗರಕ್ಕೆ ಹೋಗಿ ಇಪ್ಪತ್ತು ವರ್ಷವಾದರೂ ಆಕೆ ಒಂಟಿಕೊಪ್ಪಲಿನ ಅತ್ತೆಯೇ. ರಕ್ತದ ನಂಟನ್ನು ಬೇರ್ಪಡಿಸಬೇಕಾದಾಗ ‘ಸೋದರ’ ಎಂಬ ಮಾತು ಒದಗುತ್ತದೆ: ಸೋದರಮಾವ, ಸೋದರತ್ತೆ, ಸೋದರಳಿಯ. ಅದಕ್ಕೆ ಎದುರಾಗಿ ‘ಹೆಣ್ಣು ಕೊಟ್ಟ ಮಾವ’. ಮೊಮ್ಮಗು ಹುಟ್ಟಿದ ಮೇಲೆ ಎಷ್ಟೋ ಮನೆಗಳಲ್ಲಿ ಅತ್ತೆ ಮಾವ ಎಂಬ ಹೆಸರುಗಳೇ ಹಿಂದೆ ಸರಿಯುತ್ತವೆ. ಮಗುವಿನ ಬಾಯಿಯ ‘ಅಜ್ಜಿ’, ‘ತಾತ’ ಎಲ್ಲರ ಬಾಯಿಗೂ ಬರುತ್ತದೆ.

ಪ್ರದೇಶದಿಂದ ಪ್ರದೇಶಕ್ಕೆ ಹೆಸರು ಬದಲಾಗುವುದುಂಟು, ಲೆಕ್ಕ ಬದಲಾಗುವುದು ಕಡಿಮೆ. ಧಾರವಾಡ ಬೆಳಗಾವಿಯ ಕಡೆ ಅತ್ತಿಗೆಗೆ ಮರಾಠಿಯ ಸಹವಾಸದಿಂದ ‘ವೈನಿ’, ಚಿಕ್ಕಪ್ಪನಿಗೆ ‘ಕಾಕಾ’. ಮೈಸೂರಿನ ಅಯ್ಯಂಗಾರರ ಮನೆಗಳಲ್ಲಿ ಅಣ್ಣನ ಹೆಂಡತಿ ‘ಮನ್ನಿ’.

ಕಾನೂನು ಈ ವಿಷಯದಲ್ಲಿ ರೂಢಿಗೆ ದಾರಿ ಬಿಟ್ಟಿದೆ. 1955ರ ಹಿಂದೂ ವಿವಾಹ ಕಾಯಿದೆ ಸೋದರಮಾವ ಸೋದರಸೊಸೆಯರ ಮದುವೆಯನ್ನೂ ಅಣ್ಣತಂಗಿಯರ ಮಕ್ಕಳ ಮದುವೆಯನ್ನೂ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿಟ್ಟು, ಆಯಾ ಸಮುದಾಯದ ರೂಢಿ ಒಪ್ಪುವುದಾದರೆ ಅಡ್ಡಿಯಿಲ್ಲವೆಂದು ಸೇರಿಸಿತು. ವೈದ್ಯರ ಅಭಿಪ್ರಾಯ ಅಷ್ಟು ಮೆದುವಲ್ಲ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರಿಂದ ಮಾಹಿತಿ ಪಡೆದು ನಡೆದ ಅಧ್ಯಯನಗಳಲ್ಲಿ ಮೂರು ಮದುವೆಗಳಲ್ಲಿ ಹೆಚ್ಚುಕಡಿಮೆ ಒಂದು ರಕ್ತಸಂಬಂಧದೊಳಗೆ ಆದದ್ದೆಂದು ಕಂಡುಬಂತು. ಮಾವ ಸೊಸೆಯರ ಮದುವೆಗಳೇ ಅವುಗಳಲ್ಲಿ ಹೆಚ್ಚು. ಇಂಥ ದಂಪತಿಗಳ ಮಕ್ಕಳಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚೆಂಬ ತಿಳಿವಳಿಕೆ ಹರಡಿದೆ. ಹೆಣ್ಣುಮಕ್ಕಳ ಓದು, ಕೆಲಸ, ತಡವಾದ ಮದುವೆ, ಮನೆಗೆ ಒಂದೆರಡೇ ಮಕ್ಕಳು, ಇವೆಲ್ಲ ಸೇರಿ ಸೋದರಿಕೆಯ ಮದುವೆಯನ್ನು ಕುಗ್ಗಿಸುತ್ತಿವೆ. ಒಬ್ಬಳೇ ಮಗಳಾಗಿ ಬೆಳೆದವಳ ಮಗುವಿಗೆ ಸೋದರಮಾವನೇ ಇರುವುದಿಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಮಂದಿ ಸಂಬಂಧದೊಳಗೇ ಮದುವೆಯಾದವರು.

ಹೊರಗಿನಿಂದ ಬಂದ ಸೊಸೆಗೆ ಸೋದರತ್ತೆಯಲ್ಲದ ಅತ್ತೆಯನ್ನು ಹಾಗೆ ಕರೆಯಲು ಮೊದಮೊದಲು ಸಂಕೋಚ. ಅನೇಕರು ‘ಅಮ್ಮ’, ‘ಅಪ್ಪ’ ಎಂದೇ ಶುರುಮಾಡುತ್ತಾರೆ. ಸಂಕೋಚ ಕಳೆಯದವರು ‘ಆಂಟಿ’, ‘ಅಂಕಲ್’ ಎಂಬ ಎಲ್ಲಿಗೂ ಸೇರದ ಹೆಸರುಗಳಲ್ಲಿ ದಿನ ತಳ್ಳುತ್ತಾರೆ. ಷಡ್ಡಕ ಈಗ ಕೋ-ಬ್ರದರ್, ವಾರಗಿತ್ತಿ ಕೋ-ಸಿಸ್ಟರ್. ಹೆಸರು ಇಂಗ್ಲಿಷಿನದಾದರೂ ಬ್ರದರ್, ಸಿಸ್ಟರ್ ಎಂಬುದರೊಳಗೆ ಇರುವುದು ಅಣ್ಣತಮ್ಮ, ಅಕ್ಕತಂಗಿಯ ಹಳೆಯ ಲೆಕ್ಕವೇ. ಭಾಷೆ, ಜಾತಿ ಬೇರೆಯಾದ ಮದುವೆಗಳಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಮನೆಯ ಹೆಸರುಗಳನ್ನೇ ಬಳಸುತ್ತಾರೆ. ತಮಿಳಿನ ಮನೆಯಿಂದ ಬಂದ ಅಳಿಯನಿಗೆ ಮೈಸೂರಿನ ಮಾವ ‘ಮಾಮ’ ಆಗುತ್ತಾನೆ. ಅಪ್ಪನ ಕಡೆ ಒಂದು, ಅಮ್ಮನ ಕಡೆ ಒಂದು ಹೆಸರು ಕಲಿತ ಮಕ್ಕಳು ಎರಡನ್ನೂ ಬೆರೆಸದೆ ಕೂಗುತ್ತಾರೆ.